ಸೋರುವ ಚೀಲಕ್ಕೆ ಸಿಮೆಂಟು

ಗೆಳೆಯರೇ, ನನ್ನ ನೀರಿನ ಚೀಲ ಇವತ್ತು ಸಿಮೆಂಟಿನ ಊರಾದ ವಾಡಿಯಲ್ಲಿ ತೀರಿಕೊಂಡಿತು.

ದಪ್ಪ ಕ್ಯಾನ್ವಾಸಿನದು. ಖಾಲಿಯಾದರೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ತುಂಬಿಸಿ ಗಾಳಿಗೆ ತೂಗುಹಾಕಿದರೆ ಮೈಯೆಲ್ಲ ಜಿನುಗುತ್ತದೆ, ಒಳಗಿನ ನೀರು ಮಡಕೆಯ ನೀರಿನಂತೆ ತಣ್ಣಗಾಗುತ್ತದೆ. ನಾಳೆಯಿಂದ ಎಂಟು ದಿನ ಚಿಂಚೋಳಿ ಕಾಡಿನಲ್ಲಿ ಸರ್ವೆ, ಡೇರೆಯಲ್ಲೇ ವಾಸ. ಈ ಸುಡುಬಿಸಿಲಿನಲ್ಲಿ ಅದೊಂದೇ ನನ್ನ ಆಸರೆಯಾಗಿತ್ತು. ಬೆಳಿಗ್ಗೆ ನೀರು ತುಂಬಿ, ಅಂಗಳದ ಬೇವಿನ ಮರಕ್ಕೆ ತೂಗುಹಾಕಿ ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ಚೀಲ ಬೂದು ಬಣ್ಣಕ್ಕೆ ತಿರುಗಿದೆ. ಗಾರೆ ಕೆಲಸ ಮಾಡುವ ಪಕ್ಕದ ಮನೆಯ ಗೌಂಡಿ ಶರಣಪ್ಪ ಕಾಕಾ ಪಕ್ಕದಲ್ಲೇ ನಿಂತಿದ್ದಾರೆ.

“ನಿನ್ನ ಚೀಲ ಸೋರ್ಲಿಕತ್ತಿತ್ತು ತಮ್ಮಾ. ಮುಂಜಾನೇನ ಅದರಾಗಿನ ನೀರಿನಾಗೇ ಸಿಮೆಂಟ್ ಕಲಸಿ ಸುತ್ತಲೂ ಬಡದೀನಿ. ಇನ್ನ ಒಂದ್ ಹನಿ ಹೊರಗ ಬರಂಗಿಲ್ಲ ನೋಡು.”

“ಕಾಕಾ, ಅದು ಸೋರಿದ್ರನ ನೀರು ತಣ್ಣಗ ಆಗ್ತದರಿ!”

“ಹುಚ್ಚ ಇದ್ದೀಯೇನು? ಸೋರ್ಲಿ ಅಂತ ಯಾರರ ನೀರಿನ ಚೀಲ ತರ್ತಾರೇನು?”

ಮಡಚಲು ನೋಡಿದೆ, ಆಗಲಿಲ್ಲ. ಬೆರಳಿನಿಂದ ತಟ್ಟಿದೆ, ಶಹಾಬಾದಿನ ಪರಸಿ ಕಲ್ಲು ತಟ್ಟಿದ ಹಾಗಾಯಿತು.

ನನ್ನ ಮುಖ ನೋಡಿ ಕಾಕಾಗೆ ಮರುಕ ಬಂತು. “ಒಳಗ ಇನ್ನಾ ಹಸಿ ಅದ, ಗಡಿಬಿಡಿ ಮಾಡಬ್ಯಾಡ. ಎಂಟು ದಿನ ಮುಂಜಾನಿ ಸಂಜಿ ನೀರ್ ಹೊಡಿ. ಭಾಳ ಗಟ್ಟಿ ಆಗ್ತದ.”

ಕಾಡಿನಲ್ಲಿ ಎಂಟು ದಿನ ನನಗೆ ನೀರು ಕುಡಿಸಬೇಕಾಗಿದ್ದ ಚೀಲಕ್ಕೆ ಈಗ ಎಂಟು ದಿನ ನಾನೇ ನೀರು ಕುಡಿಸಬೇಕಂತೆ.