ಕರುಣಕ್ಕ ಕಾರಿಗೆ ಸ್ಪಾಯ್ಲರ್ ಕೂರಿಸಿದ್ದು

ಉಪ್ಪಿನಬೆಟಗೇರಿಯ ಹೈಸ್ಕೂಲಿನಲ್ಲಿ ಕರುಣಕ್ಕ ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರೂ ಧಾರವಾಡದಿಂದ ದಿನಾ ಹೋಗಿ ಬರುತ್ತಿದ್ದೆವು. ೨೦೦೩ರಲ್ಲಿ ಅವರು ಒಂದು ಹಳೆಯ ಬಿಳಿ ಎಸ್ಟೀಮ್ ಕಾರು ಕೊಂಡರು. ಅವರ ಕೃಪೆಯಿಂದ ನನಗೂ ಬಸ್ಸಿನ ನೂಕುನುಗ್ಗಲು ತಪ್ಪಿತು. ಮದುವೆಯಾಗದ ನಡುವಯಸ್ಸಿನ ಹೆಂಗಸು ತಾನೇ ಕಾರು ಓಡಿಸಿಕೊಂಡು ಬರುವುದನ್ನು ಹೊಲಕ್ಕೆ ಹೊರಟವರು ಚಕ್ಕಡಿ ನಿಲ್ಲಿಸಿ ನೋಡುತ್ತಿದ್ದರು. ಕರುಣಕ್ಕ ಗಾಜು ಇಳಿಸಿ, "ಯಪ್ಪಾ, ಸ್ವಲ್ಪ ಹಾದಿ ಬಿಡ್ರಿ" ಎಂದು ನಗುನಗುತ್ತ ಮುಂದೆ ಹೋಗುತ್ತಿದ್ದರು.

ಅವರ ತಂದೆ ಮಹಾದೇವಪ್ಪನವರು ಸರಕಾರಿ ಕಚೇರಿಯಲ್ಲಿ ಜವಾನರಾಗಿದ್ದವರು. ಮಗಳಿಗೆ ಬುದ್ಧನನ್ನು ನೆನೆದು ಹೆಸರಿಟ್ಟರು, ತಮ್ಮ ಸೈಕಲ್ಲಿನ ಚೈನು ಬಿಚ್ಚಿ ಹಾಕುವುದನ್ನೂ ಕಲಿಸಿದರು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ತಾಯಿ ಮುದಕವ್ವ ಮತ್ತು ಮಗಳು ಇಬ್ಬರೇ.

ಕಾರಿಗೊಂದು ಐಬಿತ್ತು. ಹಿಂದಿನ ಮಾಲಕ ಡಿಕ್ಕಿಯ ಮೇಲೆ ರೇಸ್ ಕಾರಿಗಿರುವಂಥ ರೆಕ್ಕೆ, ಅಂದರೆ ಸ್ಪಾಯ್ಲರ್, ಹಾಕಿಸಿ, ಮಾರುವ ಮುಂಚೆ ಅದನ್ನು ಕಿತ್ತುಕೊಂಡಿದ್ದ. ಉಳಿದ ತೂತುಗಳಿಗೆ ಏನನ್ನೋ ಮೆತ್ತಿದ್ದ. ಮಳೆಗಾಲ ಬಂದದ್ದೇ ಅದೆಲ್ಲ ಕಿತ್ತುಹೋಯಿತು. ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿ ತಂದ ಶಾಲೆಯ ಸೂಕ್ಷ್ಮದರ್ಶಕ ಒಂದು ದಿನ ಡಿಕ್ಕಿಯೊಳಗೆ ನೀರಿನಲ್ಲಿ ಕೂತಿತ್ತು. ಕರುಣಕ್ಕ ಅದನ್ನು ಮಗುವಿನಂತೆ ಎತ್ತಿ ಸೆರಗಿನಿಂದ ಒರೆಸಿದರು.

ಗ್ಯಾರೇಜಿನವನು ಡಿಕ್ಕಿಯ ಬಾಗಿಲನ್ನೇ ಬದಲಿಸಿ ಎಂದ. ಕರುಣಕ್ಕ ಬೇಡವೆಂದು ತಲೆಯಾಡಿಸಿ ನನ್ನತ್ತ ತಿರುಗಿದರು. "ಸುಮಾ, ಆ ತೂತಿನ ಮ್ಯಾಲ ಇನ್ನೊಂದು ಸ್ಪಾಯ್ಲರ್ ಕೂಡಿಸಿಬಿಟ್ರ? ಅದರ ಕಾಲಿನ ಕೆಳಗನ ತೂತು ಮುಚ್ಚಿ ಹೋಗತಾವು."

ಹುಬ್ಬಳ್ಳಿಯ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯಾತ ಕೇಳಿದ, "ಯಾರ ಸಲುವಾಗಿರಿ ಅಕ್ಕಾರ? ನಿಮ್ಮ ತಮ್ಮಗೇನ್ರಿ?"

"ನನಗರೀ."

ಆತ, "ಹಾಕೋ ಹುಡುಗ ಊರಿಗೆ ಹೋಗ್ಯಾನ್ರಿ. ಮುಂದಿನ ವಾರ ಗಾಡಿ ತಗೊಂಡು ಬರ್ರಿ" ಎಂದ.

"ಹುಡುಗ ಬ್ಯಾಡ್ರಿ. ಬೋಲ್ಟು, ರಬ್ಬರ್ ವಾಷರ್ ಕೊಡ್ರಿ, ಸಾಕು."

ಕರುಣಕ್ಕನ ಪಕ್ಕದ ಮನೆಯ ಖಾಜಾಸಾಬ ಆಟೊಗಳಿಗೆ ಬಣ್ಣ ಹೊಡೆಯುವವರು. ಸ್ಪಾಯ್ಲರಿಗೆ ಕಾರಿನ ಬಿಳಿಗೆ ಹೊಂದುವ ಬಣ್ಣ ಕಲಸಿ ಹೊಡೆದುಕೊಟ್ಟರು, ಡ್ರಿಲ್ಲೂ ತಂದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಇಟ್ಟು ನೋಡಿದರೆ ಸ್ಪಾಯ್ಲರಿನ ಕಾಲು ಹಳೆಯ ತೂತುಗಳನ್ನು ಮುಚ್ಚುತ್ತಿತ್ತು. ಆದರೆ ಅದರ ಬೋಲ್ಟಿನ ಜಾಗವೇ ಬೇರೆ. ಹೊಸದಾಗಿ ಕೊರೆಯಲೇಬೇಕು.

"ಇದ್ದ ತೂತಿಗೇ ಅಳಾಕತ್ತೀವಿ, ಮತ್ತ ಹೊಸಾ ತೂತು ಕೊರೀತೀಯಾ?" ಮುದಕವ್ವ ಕಟ್ಟೆಯ ಮೇಲಿಂದಲೇ ಗದರಿದರು.

ಕರುಣಕ್ಕ ಹಳೆಯ ತೂತುಗಳ ತುಕ್ಕು ಕೆರೆದು ಭದ್ರವಾಗಿ ಮುಚ್ಚಿದರು. ಡಿಕ್ಕಿಯ ನಟ್ಟನಡುವೆ ದಾರ ಹಿಡಿಸಿ, ಕ್ಯಾಲೆಂಡರಿನ ಹಾಳೆಯಲ್ಲಿ ಕಾಲಿನ ಆಕಾರ ಕತ್ತರಿಸಿ ಅಂಟಿಸಿ, ಮೊಳೆಯಿಂದ ಗುರುತು ಮಾಡಿದರು. ಡ್ರಿಲ್ ಎತ್ತಿದ ಮೇಲೆ ಕೈ ಯಾಕೋ ತಡೆಯಿತು.

"ನಾ ಕೊರೀಲೇನ್ರಿ ಅಕ್ಕಾರ?" ಎಂದರು ಖಾಜಾಸಾಬ.

"ಬ್ಯಾಡ್ರಿ. ತಪ್ಪಿದ್ರ ನನ್ನ ಕೈಯಾಗ ತಪ್ಪಲಿ."

ಅಷ್ಟರಲ್ಲಿ ಮುದಕವ್ವ ಎದ್ದು ಬಂದರು. ಲೋಹದ ಪುಡಿ ಒಳಗೆ ಬೀಳಬಾರದೆಂದು ಡಿಕ್ಕಿಯೊಳಗೆ ತಮ್ಮ ಹಳೆಯ ಸೀರೆ ಹಾಸಿ, "ಹೂಂ, ಹೊಡಿ" ಎಂದರು. ಡ್ರಿಲ್ ಕಿರುಚಿತು. ಗುರುತು ತಪ್ಪಲಿಲ್ಲ. ಕೊರೆದ ಅಂಚಿಗೆ ಬಣ್ಣ ಮುಟ್ಟಿಸಿ, ಅದು ಒಣಗುವ ತನಕ ಕಾದು, ವಾಷರ್ ಇಟ್ಟು ಪಾನಾದಿಂದ ಬಿಗಿದರು. ನಾನು ಮೇಲೆ ಕೊಡದಿಂದ ನೀರು ಸುರಿದೆ. ಡಿಕ್ಕಿ ತೆರೆದರೆ ಒಳಗೆ ಒದ್ದೆ!

"ಒಳಗಿಂದ ಒಂದೀಟು ಸಿಲಿಕೋನ್ ಬಳದುಬಿಡ್ರಿ, ಆತು" ಎಂದರು ಖಾಜಾಸಾಬ.

"ಎಲ್ಲಿಂದ ಬರಾಕತ್ತೈತಿ ಅನ್ನೋದು ಗೊತ್ತಾಗಬೇಕಲ್ರಿ" ಎಂದ ಕರುಣಕ್ಕ, ಗಾಳಿಯಾಡಲು ಹಿಂದಿನ ಸೀಟಿನ ಒರಗನ್ನು ಬಿಚ್ಚಿಟ್ಟರು. ಸೆರಗು ಸಿಕ್ಕಿಸಿ, ಬ್ಯಾಟರಿ ದೀಪ ಹಿಡಿದು ಡಿಕ್ಕಿಯೊಳಗೆ ಮುದುಡಿ ಮಲಗಿದರು. "ಮುಚ್ಚು ಸುಮಾ."

"ಏ ಯವ್ವಾ, ಉಸರ ಕಟ್ಟೀತು ನಿನಗ!" ಮುದಕವ್ವ ಕೂಗಿಕೊಂಡರು.

ನಾನು ಮುಚ್ಚಿ ನೀರು ಸುರಿದೆ. ಒಳಗಿಂದ ದನಿ ಬಂತು: "ಬಲಕ್ಕ ಏನಿಲ್ಲ. ಎಡಕ್ಕ ಸುರಿ... ಸಾವಕಾಶ... ಸಿಕ್ತು! ಸಿಕ್ತು!"

ಹೊರಬಂದಾಗ ಮೂಗಿಗೆ ಗ್ರೀಸು ಹತ್ತಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ಕಾಣುತ್ತಿದ್ದರು. ಬಿಗಿದದ್ದನ್ನೆಲ್ಲ ಮತ್ತೆ ಬಿಚ್ಚಿದರು. ಎಡಗಡೆ ವಾಷರಿನ ಕೆಳಗೆ ಲೋಹದ ಚಿಕ್ಕ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಒರೆಸಿ, ಮತ್ತೆ ಕೂರಿಸಿದರು. ಅಷ್ಟೊತ್ತಿಗೆ ಬಿಸಿಲು ಇಳಿದಿತ್ತು, ಒಲೆಯ ಪಕ್ಕದ ರೊಟ್ಟಿ ಒಣಗಿ ಕಟಕಲಾಗಿದ್ದವು. ಈ ಸಲ ಎಷ್ಟು ಕೊಡ ಸುರಿದರೂ, ಬಿಸಿಲಿಗೆ ಒಣಗಿಸಿ ಮತ್ತೆ ಹಾಸಿದ ಸೀರೆ ಒದ್ದೆಯಾಗಲಿಲ್ಲ.

ಮರುದಿನ ಹೆಡ್‌ಮಾಸ್ತರ ಬಿಂದುಮಾಧವ ಅವರು ಗೇಟಿನಲ್ಲೇ ನಿಂತಿದ್ದರು. "ಏನ್ ಅಕ್ಕೋರ, ರೇಸಿಗೆ ಹೊಂಟೀರೇನ್ರಿ?"

"ಇಲ್ರಿ ಸರ್, ಮಳಿ ಒಳಗ ಬರಬಾರದಂತ ಹಾಕೇನಿ" ಎಂದು ಕರುಣಕ್ಕ ಗಂಭೀರವಾಗಿ ಹೇಳಿದರು. ಅವರಿಗೆ ಅದು ತಮಾಷೆಯೆನಿಸಿ ದೊಡ್ಡದಾಗಿ ನಕ್ಕರು. ನಾವಿಬ್ಬರೂ ತರಗತಿಗೆ ನಡೆದೆವು.

ಮುಂದಿನ ಬೇಸಿಗೆಯಲ್ಲಿ ಮುದಕವ್ವನ ತಂಗಿಯನ್ನು ನೋಡಲು ಮೂವರೂ ಮುಗದಕ್ಕೆ ಹೊರಟಿದ್ದೆವು. ಬೈಕಿನ ಮೇಲಿದ್ದ ಇಬ್ಬರು ಹುಡುಗರು ನಮ್ಮ ಸ್ಪಾಯ್ಲರನ್ನು ತಿರುತಿರುಗಿ ನೋಡಿ, ಸಿಳ್ಳೆ ಹಾಕಿ, ಭರ್ರೆಂದು ಮುಂದೆ ಹೋದರು. ಮುಂದಿನ ಸೀಟಿನಲ್ಲಿದ್ದ ಮುದಕವ್ವ ನೆಟ್ಟಗೆ ಕೂತರು.

"ಏ ಕರುಣಾ, ಅವರನ್ನ ಹಿಂದ ಹಾಕ ನೋಡೂಣು."

"ಯವ್ವಾ!"

"ಹಾಕಂದ್ರ ಹಾಕು."

ಕರುಣಕ್ಕ ಕನ್ನಡಿಯಲ್ಲಿ ನನ್ನತ್ತ ಒಮ್ಮೆ ನೋಡಿದರು, ರಸ್ತೆ ಖಾಲಿಯಿರುವುದನ್ನು ಖಾತ್ರಿ ಮಾಡಿಕೊಂಡರು, ಗೇರು ಬದಲಿಸಿದರು.