ತೌನೋನ ಗಡಿಯಾರದಲ್ಲಿ ಗುನ್ವೋರಳ ದಿನ

ತೌನೋ ರಿಂತಲನಿಗೆ ಅರವತ್ತು ತುಂಬಿದಾಗ ಬಸ್ ಡಿಪೋದ ಗೆಳೆಯರೆಲ್ಲ ಚಂದಾ ಎತ್ತಿ ಒಂದು ಸ್ಮಾರ್ಟ್‌ವಾಚ್ ಕೊಡಿಸಿದರು. ಕೊಡಿಸಿದವರಿಗೆ ಪುಣ್ಯ ಬರಲಿ, ಆದರೆ ಅದರ ಮುಖ ನೋಡಿದರೆ ಎಂಥವನಿಗೂ ತಲೆ ತಿರುಗಬೇಕು. ಹೊತ್ತೆಷ್ಟು ಎಂಬುದನ್ನು ಒಂದು ಮೂಲೆಗೆ ತಳ್ಳಿ, ಊರ ಉಸಾಬರಿಯನ್ನೆಲ್ಲ ಮೈತುಂಬ ಹೊತ್ತುಕೊಂಡಿತ್ತು: ಹೆಜ್ಜೆ, ಗಾಳಿ, ನಿದ್ದೆ, ಎದೆಬಡಿತ. ಸಾಲದ್ದಕ್ಕೆ ಗಂಟೆಗೊಮ್ಮೆ ಮಣಿಕಟ್ಟು ತಟ್ಟಿ 'ಎದ್ದು ನಿಲ್ಲಿ' ಎನ್ನುತ್ತಿತ್ತು. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ವಾಸಾ ಊರಿನ ಸೇತುವೆ ದಾಟುತ್ತಿರುವ ಡ್ರೈವರ್ ಎದ್ದು ನಿಂತರೆ ಆಮೇಲೆ ಎಲ್ಲರೂ ಮಲಗಬೇಕಾದೀತು.

ತೌನೋ ಮಾತಿನಲ್ಲಿ ಮೆತ್ತಗೆ, ಹಟದಲ್ಲಿ ಗಟ್ಟಿ. ಗಾಜಿನ ಮೇಲೆ ಬೆರಳು ಒತ್ತಿ ಹಿಡಿದರೆ ಮುಖವನ್ನು ಬೇಕಾದ ಹಾಗೆ ಬದಲಿಸಬಹುದೆಂದು ತಾನೇ ಕಂಡುಕೊಂಡ. ಕಾಫಿ ಬಿಡುವಿನಲ್ಲಿ ಕೂತು ಒಂದೊಂದನ್ನೇ ಕಿತ್ತುಹಾಕಿದ. ಹೆಜ್ಜೆ ಹೋಯಿತು, ನಿದ್ದೆ ಹೋಯಿತು. ಗಂಟೆಯ ಅಂಕಿಗಳು ದಪ್ಪಗಾದವು, ಹಿಂದಿನ ಬಣ್ಣ ಅವನ ಬಸ್ಸಿನದೇ ನೀಲಿಯಾಯಿತು. ಎದೆಬಡಿತವನ್ನು ತೆಗೆದದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಬೆಳಿಗ್ಗೆ ಬಂದರಿನ ನಿಲ್ದಾಣದಲ್ಲಿ ಗುನ್ವೋರ್ ಬಸ್ ಹತ್ತುವಾಗಲೆಲ್ಲ ಆ ಅಂಕಿ ಎಲ್ಲಿಂದೆಲ್ಲಿಗೋ ಹಾರುತ್ತಿತ್ತು. ಅವಳ ಕಣ್ಣಿಗೆ ಬಿದ್ದರೆ ಏನು ಗತಿ?

ಗುನ್ವೋರ್ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು. ಗಂಡ ತೀರಿ ಬಹಳ ಕಾಲವಾಗಿತ್ತು. ತೌನೋಗೆ ಮದುವೆಯೇ ಆಗಿರಲಿಲ್ಲ. ಅವಳ ಹೆಸರು ಕೋಟಿನ ಮೇಲಿನ ಬಿಲ್ಲೆಯಲ್ಲಿತ್ತು, ಇವನದು ಅಂಗಿಯ ಮೇಲಿನ ಬಿಲ್ಲೆಯಲ್ಲಿತ್ತು, ಪರಿಚಯವೆಂದರೆ ಅಷ್ಟೇ. ವರ್ಷಗಟ್ಟಲೆ ಅವಳು ನಮಸ್ಕಾರ ಎನ್ನುವುದು, ಇವನು ತಲೆಯಾಡಿಸುವುದು. ಬಂಗಾರದಂಥ ಮನುಷ್ಯ, ಆದರೆ ಬಾಯಿಗೆ ಬೀಗ ಜಡಿದುಕೊಂಡೇ ಹುಟ್ಟಿದವನು. ಈಗ ಸೋಮವಾರದಿಂದ ಅವನನ್ನು ವಿಮಾನ ನಿಲ್ದಾಣದ ಮಾರ್ಗಕ್ಕೆ ಹಾಕಿದ್ದರು. ಈ ವಾರ ಬಾಯಿ ಬಿಡದಿದ್ದರೆ ಇನ್ನು ಅವಳ ಮುಖ ನೋಡುವುದೂ ಇಲ್ಲ.

ಮಾತಿಗೊಂದು ನೆಪ ಬೇಕಿತ್ತು. ನಮ್ಮ ಫಿನ್ಲೆಂಡಿನ ಕ್ಯಾಲೆಂಡರಿನಲ್ಲಿ ದಿನಕ್ಕಿಷ್ಟು ಹೆಸರುಗಳು. ತಮ್ಮ ಹೆಸರಿನ ದಿನ ಬಂದವರಿಗೆ ಗುರುತಿಲ್ಲದವರೂ ಶುಭಾಶಯ ಹೇಳಬಹುದು, ಹೇಳಿಸಿಕೊಂಡವರು ಕಾಫಿಗೆ ಕರೆಯುವುದೂ ಉಂಟು. ನಮ್ಮಂಥ ಮೌನಿಗಳಿಗೆ ಹಿರಿಯರು ಮಾಡಿಟ್ಟ ಅನುಕೂಲ ಇದು. ಗಡಿಯಾರದ ಮುಖದಲ್ಲಿ ಖಾಲಿಯಾದ ಜಾಗಕ್ಕೆ ಆಯಾ ದಿನದ ಹೆಸರನ್ನು ತರಬಹುದಿತ್ತು. ಆದರೆ ಫಿನ್ನಿಶ್ ಪಟ್ಟಿಯಲ್ಲಿ ಗುನ್ವೋರ್ ಇರಲಿಲ್ಲ. ಅವಳ ಮನೆಮಾತು ಸ್ವೀಡಿಶ್. ಈ ಕರಾವಳಿಯಲ್ಲಿ ಅಂಥ ಮನೆಗಳು ತಲೆತಲಾಂತರದಿಂದ ಇವೆ.

ತೌನೋ ಗಡಿಯಾರದ ಗಾಜು ಉಜ್ಜುತ್ತ ಕೂತದ್ದನ್ನು ಮೆಕ್ಯಾನಿಕ್ ಸೆಪ್ಪೋ ನೋಡಿದ. ಪ್ರಯಾಣಿಕರು ಮರೆತುಹೋದ ಸಾಮಾನಿನ ಪೆಟ್ಟಿಗೆಯೂ ಅವನ ಸುಪರ್ದಿಯಲ್ಲೇ ಇತ್ತು.

"ಏನೋ ಇದು, ಗಡಿಯಾರಾನೋ ಮದುವೆ ಹೆಣ್ಣೋ? ವಾರದಿಂದ ಸಿಂಗಾರ ನಡೀತಾನೇ ಇದೆ!"

"ಸುಮ್ನಿರೋ ಮಾರಾಯ. ಸ್ವೀಡಿಶ್ ಹೆಸರುಗಳ ಪಟ್ಟಿ ಹುಡುಕ್ತಿದ್ದೀನಿ."

"ಓಹೋ, ಗ್ರಂಥಾಲಯದಮ್ಮ! ಬಾಯಿ ಇಟ್ಕೊಂಡು ಕೈಯಲ್ಲಿ ಯಾಕೋ ಮಾತಾಡ್ತೀಯ?"

ಅಷ್ಟರಲ್ಲಿ ಪಟ್ಟಿಗಳ ಸಾಲಿನಲ್ಲಿ 'ಸ್ವೀಡಿಶ್' ಕಂಡಿತು. ಕಂಡದ್ದೇ ತಡ, ಒತ್ತಿದ. ಗುನ್ವೋರಳ ಹೆಸರು ಇದೇ ಗುರುವಾರಕ್ಕೆ ಬಂದಿತ್ತು! ಬುಧವಾರವಿಡೀ ತೌನೋ ಒಂದೇ ವಾಕ್ಯವನ್ನು ಕನ್ನಡಿಗೆ ಹೇಳಿದ, ಸ್ಟೀರಿಂಗಿಗೆ ಹೇಳಿದ, ಮನೆಯ ಬೆಕ್ಕಿಗೂ ಹೇಳಿದ.

ಗುರುವಾರ ಬಂದರಿನಲ್ಲಿ ಬಸ್ ಹೊರಡಲು ಇನ್ನೂ ಹೊತ್ತಿತ್ತು. ಬೇರೆ ಯಾರೂ ಬಂದಿರಲಿಲ್ಲ. ಗುನ್ವೋರ್ ಹತ್ತಿ ನಮಸ್ಕಾರ ಎಂದಳು.

"ಹೆಸರಿನ ದಿನದ ಶುಭಾಶಯ, ಗುನ್ವೋರ್ ಅವ್ರೇ," ಎಂದುಬಿಟ್ಟ ತೌನೋ.

ಅವಳು ನಿಂತಲ್ಲೇ ನಿಂತಳು. "ನನಗಾ? ಇವತ್ತಾ? ಯಾರ್ರೀ ಹೇಳಿದ್ದು ನಿಮಗೆ?"

ಇವನು ಮಣಿಕಟ್ಟು ಮುಂದೆ ಮಾಡಿದ. ಅವಳು ಕನ್ನಡಕ ಏರಿಸಿ ನೋಡಿದಳು. ನೋಡಿ ನಕ್ಕಳು.

"ಅಯ್ಯೋ, ಇದು ಸ್ವೀಡನ್ ದೇಶದವರ ಪಟ್ಟಿ ಕಣ್ರೀ! ನಾವು ಫಿನ್ಲೆಂಡಿನವರು. ನಮ್ಮ ಭಾಷೆ ಅವರದೇ ಇರಬಹುದು, ನಮ್ಮ ಕ್ಯಾಲೆಂಡರ್ ನಮ್ಮದೇ. ನಮ್ಮಜ್ಜಿ ಇದ್ದಿದ್ರೆ ನಿಮ್ಮ ಗಡಿಯಾರಾನ ಸಮುದ್ರಕ್ಕೆ ಎಸೀತಿದ್ರು. ನನ್ನ ದಿನ ವಸಂತದಲ್ಲೇ ಆಗೋಯ್ತು. ಅವತ್ತೂ ಇದೇ ಬಸ್ಸಲ್ಲಿ ಬಂದಿದ್ದೆ."

ತೌನೋನ ಕಿವಿ ಕೆಂಪಗಾಯಿತು. ಇದೇ ಊರಿನಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು ಅದು. ಪಕ್ಕದ ಮನೆಯವಳನ್ನು ಸಮುದ್ರದಾಚೆಯ ದೇಶಕ್ಕೆ ಕಳಿಸಿದಂತೆ. ಇಷ್ಟು ವರ್ಷ ಕೂಡಿಟ್ಟ ಒಂದೇ ಒಂದು ಮಾತು, ಅದೂ ಹಾಳಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಆದರೆ ಗುನ್ವೋರ್ ಎಂದಿನಂತೆ ಹಿಂದಕ್ಕೆ ಹೋಗಲಿಲ್ಲ. ಮೊದಲ ಸೀಟಿನಲ್ಲೇ ಕೂತಳು.

"ನಿಮ್ಮ ಹೆಸರಿನ ದಿನ ನನಗೆ ಸರಿಯಾಗಿ ಗೊತ್ತು. ಪ್ರತಿ ವರ್ಷ ಇಳಿಯೋವಾಗ ಈ ಸೀಟಿನ ಮೇಲೆ ಏಲಕ್ಕಿ ಬನ್ನು ಇಟ್ಟು ಹೋಗ್ತಿದ್ದೆ. ನಾನೇ ಮಾಡಿದ್ದು. ಮಾರನೇ ದಿನ ಒಂದು ಮಾತಾದ್ರೂ ಆಡ್ತೀರೇನೋ ಅಂತ ಕಾಯ್ತಿದ್ದೆ. ನೀವು ಅದೇ ತಲೆಯಾಡಿಸೋದು. ಇಷ್ಟವಾಗಲಿಲ್ಲವೇನೋ ಅಂದ್ಕೊಂಡೆ."

"ಕಾಗದದ ಚೀಲದಲ್ಲಿ?" ಎಂದ ತೌನೋ.

"ಹೌದು, ಕಾಗದದ ಚೀಲದಲ್ಲಿ."

"ಅದು... ಯಾರೋ ಮರೆತು ಹೋಗಿದ್ದಾರೆ ಅಂತ ಡಿಪೋ ಪೆಟ್ಟಿಗೆಗೆ ಕೊಟ್ಟುಬಿಟ್ಟೆ."

"ಪ್ರತಿ ವರ್ಷಾನೂ?"

"ಪ್ರತಿ ವರ್ಷಾನೂ. ಹೆಸರು ಬರೆದಿರಲಿಲ್ಲವಲ್ಲ."

ಗುನ್ವೋರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತೌನೋಗೂ ನಗು ಬಂತು, ಅದರ ಬೆನ್ನಿಗೇ ಧೈರ್ಯವೂ ಬಂತು. ಸೋಮವಾರದಿಂದ ತಾನು ಈ ಮಾರ್ಗದಲ್ಲಿರುವುದಿಲ್ಲ, ಅದಕ್ಕೇ ಇಷ್ಟೆಲ್ಲ ಪಾಡು ಎಂದು ಹೇಳಿಯೇಬಿಟ್ಟ. ಅವಳ ನಗು ನಿಂತಿತು. ಆಗ ಗಡಿಯಾರ ಟಕಟಕ ಮಣಿಕಟ್ಟು ತಟ್ಟಿತು. ಎದೆಬಡಿತದ ಅಂಕಿಯನ್ನು ಮುಖದಿಂದ ತೆಗೆದಿದ್ದನೇ ಹೊರತು ಅದರ ಎಚ್ಚರಿಕೆಯನ್ನು ನಿಲ್ಲಿಸಿರಲಿಲ್ಲ. ಗುನ್ವೋರ್ ಅವನ ಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಜೋರಾಗಿ ಓದಿದಳು.

"'ನೀವು ಕೂತೇ ಇದ್ದೀರಿ, ಆದರೂ ಎದೆಬಡಿತ ಹೆಚ್ಚಾಗಿದೆ.' ನೋಡ್ರೀ, ಇದಾದ್ರೂ ಬಾಯಿ ಬಿಡ್ತು!"

ಕೈಯನ್ನು ತಕ್ಷಣ ಬಿಡಲೂ ಇಲ್ಲ ಅವಳು. "ಭಾನುವಾರ ಕಾಫಿಗೆ ಬನ್ನಿ. ದಿನ ತಪ್ಪಾದ್ರೇನು, ಶುಭಾಶಯ ಹೇಳಿಸ್ಕೊಂಡಾಗಿದೆಯಲ್ಲ."

ಶುಕ್ರವಾರ ಬಂದರಿನ ಮಾರ್ಗದ ಕೊನೆಯ ಸುತ್ತು ಮುಗಿಸಿ ತೌನೋ ಡಿಪೋಗೆ ಬಂದಾಗ ಅವನ ಕೈಯಲ್ಲಿ ಒಂದು ಕಾಗದದ ಚೀಲವಿತ್ತು. ಏಲಕ್ಕಿಯ ವಾಸನೆಗೆ ಸೆಪ್ಪೋ ಎದ್ದು ಬಂದು, ಅಭ್ಯಾಸಬಲದಿಂದ ಕೈ ಚಾಚಿದ.

"ಕೊಡು ಇಲ್ಲಿ. ಹಿಂದಿನವು ಯಾರೂ ಕೇಳ್ಕೊಂಡು ಬರಲಿಲ್ಲ ಕಣೋ, ನಾನೇ ತಿಂದೆ. ಚೆನ್ನಾಗಿದ್ವು."

ತೌನೋ ಚೀಲವನ್ನು ಕೊಡದೆ ಅವನ ಮುಖದೆದುರು ಹಿಡಿದು ತಿರುಗಿಸಿದ. ಮುಂದೆ, ಹಿಂದೆ, ಮಡಿಕೆಯ ಮೇಲೆ, ತಳದಲ್ಲಿ, ಎಲ್ಲ ಕಡೆಯೂ ದಪ್ಪ ಅಕ್ಷರದಲ್ಲಿ ತೌನೋ, ತೌನೋ, ತೌನೋ ಎಂದು ಬರೆದಿತ್ತು.

"ವಾರಸುದಾರ ಸಿಕ್ಕಿದ್ದಾನೆ," ಎಂದ.