ಒಂದು ದಿನ ಮೊದಲೇ ಬಿದ್ದ ಮಳೆ

ತಗಡಿನ ಡಬ್ಬಿಯಿಂದ ಅಳತೆಯ ಗಾಜಿಗೆ ನೀರು ಇಳಿಯುವ ಸದ್ದು. ಮೊದಲು ತೆಳ್ಳಗಿನ ಗುಳುಗುಳು, ಆಮೇಲೆ ಗಾಜು ತುಂಬುತ್ತ ಬಂದ ಹಾಗೆ ಮೆಲ್ಲಗೆ ಮೇಲೇರುವ ಒಂದು ಸ್ವರ. ಎಷ್ಟೋ ಮಳೆಗಾಲ ನನ್ನ ಬೆಳಗಾಗುತ್ತಿದ್ದದ್ದು ಆ ಸದ್ದಿನಿಂದ, ಅದೂ ಫೋನಿನಲ್ಲಿ. ನಮ್ಮ ಕಾಫಿ ಎಸ್ಟೇಟಿನ ಹಾಜರಿ ಪುಸ್ತಕ, ಮಳೆ ಪುಸ್ತಕ ಎರಡನ್ನೂ ಬರೆಯುತ್ತಿದ್ದ ರೈಟರು ಬರೀ ಅಂಕಿ ಹೇಳುವವರಲ್ಲ. ಫೋನನ್ನು ಮಳೆ ಅಳೆಯುವ ಡಬ್ಬಿಯ ಪಕ್ಕ ಕಲ್ಲಿನ ಮೇಲಿಟ್ಟು, ಬಂಗಲೆಯಲ್ಲಿದ್ದ ನಾನು ಕೇಳುವಂತೆ ನೀರು ಸುರಿಯುತ್ತಿದ್ದರು. ಸದ್ದು ನಿಂತ ಮೇಲೆ, "ಕೇಳ್ತಾ ಅಮ್ಮಾವ್ರೇ? ಒಂದಿಂಚು ನಲ್ವತ್ ಸೆಂಟು." ನಮ್ಮ ಕಡೆ ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಅನ್ನುತ್ತಾರೆ.

ರಿಟೈರ್ ಆದ ಮೇಲೂ ಅವರು ಅಳೆಯುವುದನ್ನು ಬಿಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದ ಪುಸ್ತಕಗಳು ಆಫೀಸಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು. ತೆರೆದರೆ ನುಸಿಗುಳಿಗೆಯ ವಾಸನೆ, ನೀಲಿ ಇಂಕು.

ಮೂಡಿಗೆರೆಯಿಂದ ಕಳಸದವರೆಗಿನ ಕೆಲವು ಎಸ್ಟೇಟಿನವರು ಸೇರಿ, ಎಲ್ಲರ ಮಳೆಯನ್ನೂ ಒಂದೇ ಕಡೆ ಇಡೋಣ, ಕಾಲ ಹೇಗೆ ಬದಲಾಗಿದೆ ಅಂತ ಕಾಣಲಿ ಎಂದು ತೀರ್ಮಾನಿಸಿದ್ದು ಈಚೆಗೆ. ಅದಕ್ಕೊಂದು ಓಪನ್ ಸೋರ್ಸ್ ಸರ್ವರ್ ಸಾಫ್ಟ್‌ವೇರ್ ಸಿಕ್ಕಿತು. ಯಾವ ಯಾವುದೋ ದೇಶದ ಗುರುತಿಲ್ಲದ ಜನ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ, ಬಿಚ್ಚಿ ನೋಡಿ, ಕೆಟ್ಟರೆ ರಿಪೇರಿ ಮಾಡಿ ಅಂತ ಬಿಟ್ಟಿದ್ದು. ನನಗೆ ಅದು ತುಂಬ ಹಿಡಿಸಿತು. ಕಾನ್ವೆಂಟಿನಲ್ಲಿ ಬೆರಳಿಗೆ ಸ್ಕೇಲಿನಿಂದ ಹೊಡೆದು ಟೈಪಿಂಗ್ ಕಲಿಸಿದ ಸಿಸ್ಟರನ್ನು ನೆನೆಯುತ್ತ, ರೈಟರ ಪುಸ್ತಕಗಳನ್ನೆಲ್ಲ ನಾನೇ ಲ್ಯಾಪ್‌ಟಾಪಿಗೆ ಏರಿಸಿದೆ. ದಿನಕ್ಕೊಂದು ತಿಂಗಳಂತೆ. ಜೂನ್, ಜುಲೈ ಬಂದಾಗ ಕಿಟಕಿಯಾಚೆ ಬಿಸಿಲಿದ್ದರೂ ಪಾದ ತಣ್ಣಗಾದ ಹಾಗೆ ಅನ್ನಿಸುತ್ತಿತ್ತು.

ಸರ್ವರ್ ಓಡಿಸಲು ಮಲ್ಲಂದೂರಿನ ಕಡೆಯ ಮೇಸ್ತ್ರಿಯೊಬ್ಬರ ಮಗಳು ಸ್ಕೂಟರಿನಲ್ಲಿ ಬರುತ್ತಿದ್ದಳು. ಮೂವತ್ತು ದಾಟಿದವಳು, ಚಿಕ್ಕಮಗಳೂರಿನಲ್ಲಿ ಸ್ವಂತ ಕಂಪ್ಯೂಟರ್ ಕೆಲಸ ಇಟ್ಟುಕೊಂಡವಳು.

"ಈಗ್ಲೇ ಎಲ್ರಿಗೂ ಕಾಣೋ ಹಾಗೆ ಹಾಕೋದ್ ಬೇಡ ಮೇಡಂ. ಮೊದ್ಲು ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟಲ್ಲಿ ಓಡಿಸ್ತೀನಿ."

"ಹಾಗಂದ್ರೆ?"

"ನರ್ಸರಿ ಅಂದ್ಕೊಳ್ಳಿ. ಚಪ್ಪರದಡಿ ಬುಟ್ಟಿ ಗಿಡ ಇಡಲ್ವಾ? ಅಲ್ಲಿ ಬಾಡಿದ್ರೆ ತೋಟಕ್ಕೇನೂ ಆಗಲ್ಲ."

ಹಾಗೆ ನಮ್ಮ ಆಫೀಸಿನ ಮೇಜಿನ ಮೇಲೆ ಒಂದು ನರ್ಸರಿ ಶುರುವಾಯಿತು. ಹೊರಗೆ ಕಣದಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಹರವಿ ಕಾಲಾಡಿಸುವ ಸರಸರ, ಒಳಗೆ ಲ್ಯಾಪ್‌ಟಾಪಿನ ಫ್ಯಾನಿನ ಸಣ್ಣ ಗುಂಯ್. ಕಪ್ಪು ಪರದೆಯ ಮೇಲೆ ಲಾಗ್ ಎನ್ನುವ ಸಾಲುಗಳು ತಮ್ಮಷ್ಟಕ್ಕೆ ಇಳಿಯುತ್ತಿದ್ದವು. ಅರ್ಥವಾಗದಿದ್ದರೂ ನೋಡುತ್ತ ಕೂತರೆ ಜೋಂಪು ಬರುವಂತಿತ್ತು.

ತೊಂದರೆ ಕಂಡದ್ದು ತಿಂಗಳ ಮೀಟಿಂಗಿನಲ್ಲಿ. ಅಕ್ಕಪಕ್ಕದ ಎಸ್ಟೇಟುಗಳಲ್ಲಿ ಈಗ ತಾವೇ ಮಳೆ ಅಳೆದು ತಾವೇ ಅಂಕಿ ಕಳಿಸುವ ಯಂತ್ರಗಳಿವೆ. ಅವುಗಳ ಜೊತೆ ಇಟ್ಟು ನೋಡಿದರೆ ನಮ್ಮ ರೈಟರ ಮಳೆ ಎಲ್ಲ ಕಡೆಯೂ ಒಂದು ದಿನ ಮುಂಚೆ ಬಿದ್ದಿತ್ತು. ಪಕ್ಕದ ಎಸ್ಟೇಟಿನವರು ನಕ್ಕರು.

"ನಮ್ಮಲ್ಲಿ ಮಂಗಳವಾರ ಬಂದ ಮಳೆ ಇವ್ರಲ್ಲಿ ಸೋಮವಾರವೇ ಬಂದಿದೆ ನೋಡಿ. ರೈಟ್ರು ಕಂಬಳಿ ಹೊದ್ಕೊಂಡೇ ಬರ್ದಿರ್ಬೇಕು ಮಾರಾಯ್ರೆ!"

ಮುಂದಿನ ಮೀಟಿಂಗಿನೊಳಗೆ ತಾಳೆಯಾಗದಿದ್ದರೆ ಆ ಪುಸ್ತಕಗಳನ್ನು ಕೈಬಿಡುವುದೆಂದು ತೀರ್ಮಾನವಾಯಿತು. ಈ ಮಾತು ನಾನು ಮನೆ ಮುಟ್ಟುವ ಮೊದಲೇ ರೈಟರ ಲೈನ್ ಮನೆ ಮುಟ್ಟಿತ್ತು. ಮಾರನೆಯ ದಿನ ಬಂದು ಬಾಗಿಲಲ್ಲೇ ನಿಂತರು, ಕುಳಿತುಕೊಳ್ಳಲಿಲ್ಲ.

"ನನ್ನ ಪುಸ್ತಕ ಸುಳ್ಳಂತೆ ಅಮ್ಮಾವ್ರೇ."

ನಾನು ಸಮಾಧಾನ ಹೇಳುವ ಬದಲು ಒಂದು ತಪ್ಪು ಮಾಡಿದೆ. ನಮ್ಮ ಕಡೆ ಬೆಳಿಗ್ಗೆ ಎಂಟಕ್ಕೆ ಅಳೆದದ್ದನ್ನು ಹಿಂದಿನ ದಿನದ ಸಾಲಿಗೆ ಬರೆಯುವುದು ರೂಢಿ. ಅದರಿಂದಲೇ ಹೀಗಾಗಿದೆ ಎಂದು ನನಗೆ ಖಾತ್ರಿಯಾಗಿ ಹೋಗಿತ್ತು. "ನೀವು ನಿನ್ನೆ ಸಾಲಿಗೆ ಬರೆದದ್ದಕ್ಕೇ ಈ ಗೋಳು ರೈಟ್ರೇ" ಅಂದೆ.

"ಮತ್ತೆ? ನಿನ್ನೆ ಬಿದ್ದ ಮಳೆ ಇವತ್ತಿಂದು ಹ್ಯಾಗಾಗುತ್ತೆ?" ಎಂದು ಅವರು ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ನಾನು ಹಟ ಬಿಡದೆ, ಎಲ್ಲ ತಾರೀಖುಗಳನ್ನೂ ಒಂದು ದಿನ ಮುಂದೆ ತಳ್ಳಿಬಿಡು ಎಂದು ಮೇಸ್ತ್ರಿಯ ಮಗಳಿಗೆ ಹೇಳಿದೆ. ಅವಳು ಕೀಬೋರ್ಡಿನ ಮೇಲಿಂದ ಕೈ ತೆಗೆದಳು.

"ತಳ್ಳಬಹುದು, ಎರಡು ನಿಮಿಷದ ಕೆಲ್ಸ. ಆದ್ರೆ ಯಾಕೆ ಹೀಗಾಯ್ತು ಅಂತ ತಿಳೀದೆ ತಳ್ಳಿದ್ರೆ, ಅವ್ರು ತಪ್ಪು ಬರ್ದಿದ್ರು ಅಂತ ನಾವೇ ಒಪ್ಕೊಂಡ ಹಾಗಲ್ವಾ ಮೇಡಂ?"

ಮುಖಕ್ಕೆ ನೀರು ಎರಚಿದ ಹಾಗಾಯಿತು. ಪರದೆಯ ಮೇಲಿನ ತಾರೀಖುಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. ಹಾಗೆ ಸರಿಸುವಾಗ ನನ್ನ ಅರವತ್ತನೆಯ ಬರ್ತ್‌ಡೇ ಕಣ್ಣಿಗೆ ಬಿತ್ತು. ಅವತ್ತು ನನ್ನ ಕಾನ್ವೆಂಟಿನ ಕ್ಲಾಸ್‌ಮೇಟ್ಸ್ ಎಲ್ಲ ಬಂದಿದ್ದರು, ಲಾನಿನಲ್ಲಿ ಕೂತು ಸಂಜೆಯವರೆಗೆ ಹಾಡಿದ್ದೆವು. ಆಕಾಶ ಗಾಜಿನ ಹಾಗಿತ್ತು, ಒಂದು ಹನಿ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಂದದ್ದು ಮರುದಿನ. ವಾರ ಕಳೆದು ತೋಟವೆಲ್ಲ ಬೆಳ್ಳಗಾದದ್ದು, ಆ ಪರಿಮಳದಲ್ಲಿ ತಲೆ ತೇಲಿದಂತಾದದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಪರದೆಯಲ್ಲಿ ಮಾತ್ರ ಬರ್ತ್‌ಡೇ ದಿನವೇ ಮಳೆ!

ಬೀರುವಿನಿಂದ ಆ ವರ್ಷದ ಪುಸ್ತಕ ತೆಗೆದೆ. ರೈಟರ ದುಂಡು ಅಕ್ಷರದಲ್ಲಿ ಬರ್ತ್‌ಡೇ ಸಾಲಿನಲ್ಲಿ ಸೊನ್ನೆ. ಮರುದಿನದ ಸಾಲಿನಲ್ಲಿ, "ಹೂಮಳೆ, ತೊಂಬತ್ತು ಸೆಂಟು." ಪುಸ್ತಕ ಸರಿ ಇತ್ತು. ನಾನು ಟೈಪು ಮಾಡಿಟ್ಟ ಫೈಲು ತೆರೆದು ನೋಡಿದರೆ ಅದೂ ಸರಿ ಇತ್ತು. ತಪ್ಪು ಆ ಸಾಫ್ಟ್‌ವೇರಿನ ಒಳಗೆಲ್ಲೋ ಇತ್ತು.

"ಹಾಗಾದ್ರೆ ಹಿಡಿಯೋಣ" ಎಂದಳು ಅವಳು. ಪ್ರೋಗ್ರಾಮಿನ ಒಂದು ಸಾಲಿನ ಪಕ್ಕ ಕೆಂಪು ಚುಕ್ಕೆ ಇಟ್ಟಳು. ಬ್ರೇಕ್‌ಪಾಯಿಂಟ್ ಅಂತೆ. ಓಡುತ್ತಿರುವ ಸರ್ವರ್ ಅಲ್ಲಿಗೆ ಬಂದು ಎತ್ತಿದ ಕಾಲು ಇಡದೆ ನಿಂತುಬಿಡುತ್ತದೆ. ಆಗ ಅದರ ಕೈಯಲ್ಲಿ ಏನಿದೆ ಎಂದು ನಾವು ನೋಡಬಹುದು. ಲೋಕದಲ್ಲಿ ಎಲ್ಲಾದರೂ ಹೀಗೆ ಕಾಲವನ್ನು ನಿಲ್ಲಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಯಾವ ದಿನಕ್ಕೆ ಆ ಕೆಂಪು ಚುಕ್ಕೆ ಇಡುತ್ತಿದ್ದೆನೋ.

ಹೂಮಳೆಯ ಸಾಲಿನಲ್ಲಿ ಸರ್ವರ್ ನಿಂತಿತು. ಅದರ ಕೈಯಲ್ಲಿ ಇದ್ದದ್ದು ಹಿಂದಿನ ದಿನ, ಸಂಜೆ ಆರೂವರೆ.

"ಆರೂವರೆ ಎಲ್ಲಿಂದ ಬಂತು?" ಎಂದು ಅವಳು ತನ್ನಲ್ಲೇ ಗೊಣಗಿದಳು.

ನನಗೆ ಮಾತ್ರ ಸಿಸ್ಟರ್ ಜಿಯಾಗ್ರಫಿ ಕ್ಲಾಸಿನಲ್ಲಿ ಗ್ಲೋಬ್ ತಿರುಗಿಸುತ್ತಿದ್ದದ್ದು ಕಂಡಿತು. ಕಿಟಕಿಯ ಬಿಸಿಲು ಸಮುದ್ರಗಳ ಮೇಲೆ ಬೀಳುತ್ತಿತ್ತು. "ಗ್ರೀನ್‌ವಿಚ್! ಅವರು ನಮಗಿಂತ ಐದೂವರೆ ಗಂಟೆ ಹಿಂದೆ" ಎಂದು ಕೂಗಿಯೇಬಿಟ್ಟೆ.

ಅದೇ. ಯಂತ್ರಗಳು ತಾರೀಖಿನ ಜೊತೆ ಗಂಟೆಯನ್ನೂ ಕಳಿಸುತ್ತಿದ್ದವು. ರೈಟರ ಪುಸ್ತಕದಲ್ಲಿ ಬರೀ ತಾರೀಖು. ಗಂಟೆ ಇಲ್ಲದ್ದಕ್ಕೆ ಸಾಫ್ಟ್‌ವೇರು ಅದನ್ನು ದಿನದ ಮೊದಲ ಕ್ಷಣ, ನಡುರಾತ್ರಿ ಹನ್ನೆರಡು ಎಂದುಕೊಂಡು, ಗ್ರೀನ್‌ವಿಚ್ ಕಾಲಕ್ಕೆ ಬದಲಾಯಿಸಿಬಿಟ್ಟಿತ್ತು. ಅಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ. ಅವಳು ಬದಲಿಸಿದ್ದು ಒಂದೇ ಸಾಲು. ಮಳೆಗಳೆಲ್ಲ ತಮ್ಮ ತಮ್ಮ ದಿನಕ್ಕೆ ಮರಳಿದವು. ಆ ಸಾಫ್ಟ್‌ವೇರ್ ಬರೆದ ಗುರುತಿಲ್ಲದ ಜನರಿಗೂ ತಿಳಿಸಿದೆವು. ಯಾರೋ ಎಲ್ಲಿಂದಲೋ ಥ್ಯಾಂಕ್ಸ್ ಹೇಳಿದರು. ಮುಂದಿನ ಮೀಟಿಂಗಿನಲ್ಲಿ ಪಕ್ಕದ ಎಸ್ಟೇಟಿನವರು ಪರದೆ ನೋಡಿ, ಮಾತು ಬದಲಿಸಿ, ಈ ಸಲದ ಬೆಳೆ ಹೇಗೆ ಅಂತ ಕೇಳಿದರು. ಪುಸ್ತಕಗಳು ಉಳಿದವು.

ರೈಟರಿಗೆ ಹೇಳಿ ಕಳಿಸಿದೆ. ಬೆಳಿಗ್ಗೆ ಏಳೂವರೆಗೇ ಬಂದರು, ಇಸ್ತ್ರಿ ಮಾಡಿದ ಶರ್ಟು. ಈ ಸಲ ಕುಳಿತರು. ನಾನು ಕ್ಷಮೆ ಕೇಳಿದೆ. "ಬಿಡಿ ಅಮ್ಮಾವ್ರೇ" ಅಂದರು. ತಮ್ಮ ಅಂಕಿಗಳನ್ನು ಬಹಳ ಹೊತ್ತು ನೋಡಿ, ಒಂದರ ಮೇಲೆ ಬೆರಳಿಟ್ಟರು.

"ಇದೊಂದು ತೆಗೀಬೇಕು. ಅವತ್ತು ನಮ್ಮನೆಯವ್ಳನ್ನ ಜೀಪಲ್ಲಿ ಚಿಕ್ಕಮಗಳೂರು ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದೆ. ಬಂದ್ಮೇಲೆ ಪಕ್ಕದ ಎಸ್ಟೇಟಲ್ಲಿ ಕೇಳಿ ಬರ್ದೆ. ನಾನು ಅಳೆದದ್ದಲ್ಲ."

"ಅಯ್ಯೋ, ಒಂದು ದಿನಕ್ಕೇನು ರೈಟ್ರೇ?"

"ಅವ್ರು ನಕ್ಕಿದ್ದು ಒಂದು ದಿನಕ್ಕೇ ಅಲ್ವಾ?"

ಮೇಸ್ತ್ರಿಯ ಮಗಳು ಆ ಅಂಕಿ ಅಳಿಸಿದಳು. ಖಾಲಿ ಬಿಟ್ಟ ಜಾಗದಲ್ಲಿ ಸರ್ವರ್ ತಾನಾಗಿ ಸೊನ್ನೆ ತುಂಬಿತು. ರೈಟರು ಅಡ್ಡಡ್ಡ ತಲೆಯಾಡಿಸಿದರು.

"ಸೊನ್ನೆ ಬೇಡ ಮಾರಾಯ್ತಿ. ಸೊನ್ನೆ ಅಂದ್ರೆ ನೋಡಿದೆ, ಮಳೆ ಇಲ್ಲ ಅಂತ. ಅವತ್ತು ನಾನು ನೋಡ್ಲೇ ಇಲ್ಲ."

ಅವಳು ನಗುತ್ತ, "ಇನ್ನೊಂದು ಬಗ್ ಹಿಡ್ಕೊಟ್ರಲ್ಲ ಅಜ್ಜ" ಎಂದು ಮತ್ತೆ ಕೆಂಪು ಚುಕ್ಕೆ ಇಟ್ಟು ಕೂತಳು. ಅವರ ಕಾಫಿ ಮುಗಿಯುವಷ್ಟರಲ್ಲಿ ಸೊನ್ನೆ ಹೋಗಿ ಅಲ್ಲೊಂದು ಸಣ್ಣ ಗೆರೆ ಮೂಡಿತು. ಅದನ್ನು ನೋಡಿದ ಮೇಲೇ ಅವರು ಎದ್ದದ್ದು.

ಆ ಸಲದ ಮಳೆ ಶುರುವಾಗುವ ಮೊದಲೇ ಅವರು ತೀರಿಕೊಂಡರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಅವತ್ತೇ, ಕಾಫಿ ಮುಗಿಸಿ ಎದ್ದು ಹೋದಾಗ, ಆಫೀಸಿನ ಕಿಟಕಿಯಿಂದ. ಎಂಟು ಗಂಟೆ. ಹೊಳೆಯುವ ಬಿಸಿಲು, ವಾರಗಳಿಂದ ಮೋಡದ ಸುಳಿವಿಲ್ಲ. ಕಣ ದಾಟಿ ಇಳಿದವರು ಮಳೆ ಡಬ್ಬಿಯ ಹತ್ತಿರ ನಿಂತರು. ಡಬ್ಬಿಯನ್ನು ಹೊರತೆಗೆದು ಗಾಜಿನ ಮೇಲೆ ಬಗ್ಗಿಸಿದರು. ಗಾಜನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ನನಗೆ ಕಾಣುವ ಹಾಗೆ ಸೊನ್ನೆ ಎತ್ತಿ ತೋರಿಸಿದರು.